ನಾಟ್ರಾಂಪಾಳ್ಯದ ಬಸ್ಸಿನ ವಿಚಾರಣೆ

ಸರಳಾ ಮೊದಲ ಸಲ ಶಾಸಕಿಯಾದವಳು, ಅದೂ ವಿರೋಧ ಪಕ್ಷದಿಂದ. ಕೆಲಮಂಗಲದ ಹತ್ತಿರ ರಾಗಿ, ಟೊಮೇಟೊ ಬೆಳೆಯುವ ಕನ್ನಡದ ಮನೆಯ ಹೆಣ್ಣುಮಗಳು. ತಮಿಳುನಾಡಿನ ವಿಧಾನಸಭೆಯಲ್ಲಿ ಅರ್ಜಿಗಳ ಸಮಿತಿ ಮಾಡುವಾಗ ಒಂದೊಂದು ಪಕ್ಷಕ್ಕೂ ಅದರ ಬಲ ನೋಡಿ ಸ್ಥಾನ ಹಂಚಿದ್ದರು. ಅವಳ ಪಕ್ಷದ ಪಾಲಿಗೆ ಬಂದ ಮೂರು ಹೆಸರಲ್ಲಿ ಕೊನೆಯದು ಅವಳದು. ಆಳುವ ಪಕ್ಷದ ಹಿರಿಯರೊಬ್ಬರು ಅಧ್ಯಕ್ಷರು.

ಸಮಿತಿ ಕೃಷ್ಣಗಿರಿಗೆ ಬಂದ ದಿನ ಅಧ್ಯಕ್ಷರು ಸದಸ್ಯರನ್ನು ಎರಡು ಪಾಲು ಮಾಡಿದರು. ಒಂದು ಪಾಲು ಅವರ ಜೊತೆ ಕೆರೆ ನೋಡಲು ಹೊರಟಿತು. ಉಳಿದವರ ಮುಂದೆ ಒಂದು ಅರ್ಜಿ ಇಟ್ಟು, "ಇದನ್ನು ಕೊಟ್ಟಾಕೆ ಕನ್ನಡದವರು. ವಿಚಾರಣೆ ನೀನೇ ನಡೆಸಮ್ಮ" ಎಂದು ಸರಳಾಳನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಹೋದರು. ಆಳುವ ಪಕ್ಷದ ಸದಸ್ಯ ಕುಮಾರೇಶನ ಮುಖ ಗಂಟಾಯಿತು.

ಅರ್ಜಿ ಕೊಟ್ಟವಳು ನಾಟ್ರಾಂಪಾಳ್ಯದ ಮುನಿಲಕ್ಷ್ಮಿ. ಊರಿನ ಹನ್ನೆರಡು ಹೆಣ್ಣುಮಕ್ಕಳು ಅಂಚೆಟ್ಟಿಯ ಶಾಲೆಗೆ ಹೋಗುತ್ತಿದ್ದರು. ಸಂಜೆ ಬಸ್ಸು ಸಿಕ್ಕದೆ, ಆನೆ ತಿರುಗುವ ಕಾಡಿನ ದಾರಿಯಲ್ಲಿ ನಡೆಯಬೇಕು. ಇಬ್ಬರು ಶಾಲೆಯನ್ನೇ ಬಿಟ್ಟಿದ್ದರು.

ಸರಳಾಳಿಗೆ ಸಿಟ್ಟು ನೆತ್ತಿಗೇರಿತು. ಸಾರಿಗೆ ಅಧಿಕಾರಿಯ ಮೇಲೆ ತಮಿಳಿನಲ್ಲಿ ಹರಿಹಾಯ್ದಳು. "ನಿಮ್ಮ ಸರ್ಕಾರಕ್ಕೆ ಈ ಮಕ್ಕಳು ಲೆಕ್ಕಕ್ಕಿಲ್ವಾ?"

"ಸರ್ಕಾರ ಯಾಕೆ ಎಳೀತೀರಿ?" ಎಂದು ಕುಮಾರೇಶ ಎದ್ದ. ಅಧಿಕಾರಿ ಸದ್ದಿಲ್ಲದೆ ಫೈಲು ಮುಚ್ಚಿದ. ಇಬ್ಬರ ಜಗಳದಲ್ಲಿ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಮುನಿಲಕ್ಷ್ಮಿ ಮೇಜಿನ ಹತ್ತಿರ ಬಂದಳು.

"ಅಮ್ಮಾ, ನಾನು ಎರಡು ಬಸ್ಸು ಹತ್ತಿ ಬಂದಿವ್ನಿ. ನೀವು ಆಮ್ಯಾಕೆ ಜಗಳ ಆಡ್ಕಳಿ. ಸ್ಕೂಲು ಬಿಡೋದು ನಾಕೂ ಇಪ್ಪತ್ಗೆ. ಬಸ್ಸು ನಾಕ್ಗೆ ಹೊಂಟೋಯ್ತದೆ. ನಂಗೆ ಹೊಸ ಬಸ್ಸು ಬ್ಯಾಡ ಕಣಮ್ಮ, ಅದೇ ಬಸ್ಸು ವಸಿ ನಿಂತ್ರೆ ಸಾಕು."

ಸರಳಾಳಿಗೆ ನಾಚಿಕೆಯಾಯಿತು. ಅರ್ಜಿಯಲ್ಲೂ ಅದೇ ಬರೆದಿತ್ತು. ಅವಳು ಓದಿದ್ದು ಮೊದಲ ನಾಲ್ಕು ಸಾಲು ಮಾತ್ರ. ಮುನಿಲಕ್ಷ್ಮಿಯ ಮಾತನ್ನು ಎಲ್ಲರಿಗೂ ತಮಿಳಿನಲ್ಲಿ ಹೇಳಿ, ಕುಮಾರೇಶನ ಕಡೆ ತಿರುಗಿದಳು.

"ಸಾರ್, ನಿಮ್ಮ ತಂದೆ ಕಂಡಕ್ಟರ್ ಆಗಿದ್ರು ಅಂತ ಕೇಳಿದೀನಿ. ಬಸ್ಸಿನ ವಿಷಯ ನನಗಿಂತ ನಿಮಗೆ ಗೊತ್ತು. ಪ್ರಶ್ನೆ ನೀವು ಕೇಳಿ."

ಕುಮಾರೇಶ ಅನುಮಾನದಿಂದಲೇ ಕುಳಿತ. ಆಮೇಲೆ ಅಧಿಕಾರಿಯನ್ನು ಕೇಳಿದ. "ನಾಟ್ರಾಂಪಾಳ್ಯ ಮುಟ್ಟಿದ ಮೇಲೆ ಆ ಬಸ್ಸು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಇಲ್ಲ ಸಾರ್. ರಾತ್ರಿ ಅಲ್ಲೇ ಹಾಲ್ಟ್."

"ಹಾಗಾದರೆ ಅರ್ಧ ಗಂಟೆ ತಡ ಆದರೆ ಯಾರಿಗೆ ತೊಂದರೆ?"

ಅಧಿಕಾರಿ ಫೈಲು ತೆರೆದ, ಹಾಳೆ ತಿರುಗಿಸಿದ. ಸರಳಾಳ ನಾಲಿಗೆ ತುದಿಗೆ ಮಾತು ಬಂದಿತ್ತು, ತಡೆದುಕೊಂಡಳು.

"ಯಾರಿಗೂ ಇಲ್ಲ ಸಾರ್. ಇದು ಹಳೇ ಟೈಮಿಂಗ್. ಯಾರೂ ಬದಲಾಯಿಸಿಲ್ಲ, ಅಷ್ಟೇ."

ನಾಲ್ಕೂವರೆಗೆ ಬಸ್ಸು ಹೊರಡಲಿ ಎಂದು ಸಮಿತಿ ಶಿಫಾರಸು ಬರೆಯಿತು. ಅಲ್ಲಿದ್ದ ಐವರು ಸದಸ್ಯರೂ, ಪಕ್ಷ ಯಾವುದೇ ಇರಲಿ, ಸಹಿ ಹಾಕಿದರು. ಸರಳಾ ಮುನಿಲಕ್ಷ್ಮಿಗೆ ಇದ್ದದ್ದನ್ನೇ ಹೇಳಿದಳು. "ಅಕ್ಕ, ನಾವು ಹುಕುಂ ಮಾಡಂಗಿಲ್ಲ, ಹೇಳಬೋದು ಅಷ್ಟೇ. ಆದ್ರೆ ಅವರು ಬರವಣಿಗೆಯಲ್ಲಿ ಉತ್ತರ ಕೊಡ್ಲೇಬೇಕು. ನಾನು ಕೇಳ್ತಾನೇ ಇರ್ತೀನಿ."

"ಕೇಳಿ. ನಾನೂ ನಿಮ್ಮನ್ನ ಕೇಳ್ತಾನೇ ಇರ್ತೀನಿ" ಎಂದಳು ಮುನಿಲಕ್ಷ್ಮಿ.

ಅದಾದ ಎರಡನೆಯ ಸೋಮವಾರವೇ ಬಸ್ಸು ನಾಲ್ಕೂವರೆಗೆ ಹೊರಟಿತು. ಮುನಿಲಕ್ಷ್ಮಿ ಫೋನು ಮಾಡಿದಳು. ಶಾಲೆ ಬಿಟ್ಟಿದ್ದವರಲ್ಲಿ ಅವಳ ಮಗಳು ಸುಧಾ ಮತ್ತೆ ಹೋಗುತ್ತಿದ್ದಾಳೆ. ಇನ್ನೊಬ್ಬಳನ್ನು ಹೊಸೂರಿನ ಚಿಕ್ಕಮ್ಮನ ಮನೆಗೆ ಕಳಿಸಿಬಿಟ್ಟಿದ್ದಾರಂತೆ.

"ಆ ಮಗುವಿನ ಹೆಸರೇನಕ್ಕ?" ಎಂದು ಸರಳಾ ಪೆನ್ನು ತೆಗೆದಳು. "ಅವರಪ್ಪನ ನಂಬರೂ ಕೊಡಿ. ನಾನೇ ಮಾತಾಡ್ತೀನಿ."