ಉಚ್ಚೆ ಚೀಲದ ಮಾತು ಸಭೆಯಲ್ಲೇ ಆಗಲಿ

ಕೆ.ಆರ್. ಪೇಟೆ ತಾಲ್ಲೂಕಿನ ನಿಂಗರಾಜು ತೆಂಗಿನಕಾಯಿ ಕೀಳುವುದರಲ್ಲಿ ಎತ್ತಿದ ಕೈ. ಒಂದು ಮಳೆಗಾಲ ಮರದಿಂದ ಜಾರಿ ಬಿದ್ದ. ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮೂತ್ರ ಬಂದದ್ದೂ ಗೊತ್ತಾಗದು. ಅಂದಿನಿಂದ ಮೂತ್ರದ ಕೊಳವೆ, ಅದರ ತುದಿಗೊಂದು ಚೀಲ.

ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಅವು ಪುಕ್ಕಟೆ ಸಿಕ್ಕವು. ಮನೆಗೆ ಬಂದ ಮೇಲೆ ಅಂಗಡಿಯಲ್ಲೇ ಕೊಳ್ಳಬೇಕು. ಹೆಂಡತಿ ರಮ್ಯ ಗಾರ್ಮೆಂಟ್ಸಿನಲ್ಲಿ ದುಡಿದದ್ದು ಅದಕ್ಕೂ ಸಾಲದು. ಕೊಳವೆ ಬದಲಿಸುವುದನ್ನು ಮುಂದೂಡಿದ. ಹಳೇ ಚೀಲವನ್ನೇ ತೊಳೆದು ಕಟ್ಟಿಕೊಂಡ. ಕೊನೆಗೆ ಚಳಿಜ್ವರ ಬಂದು, ಮೂತ್ರದಲ್ಲಿ ರಕ್ತ ಕಂಡು, ಮತ್ತೆ ಆಸ್ಪತ್ರೆ ಸೇರಿದ.

ವಾಪಸು ಬಂದ ದಿನ ಧರ್ಮೇಂದ್ರ ನೋಡಲು ಬಂದ. ಪಂಚಾಯ್ತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವವನು ಅವನೇ. ಅವನದೂ ಒಂದು ಕಾಲು ಪೋಲಿಯೊದಿಂದ ಸೊರಗಿದೆ.

“ನಮ್ಮಂಥೋರಿಗೆ ಅಂತ ಮೀಸಲಿಟ್ಟ ಹಣ ಪಂಚಾಯ್ತಿಲಿ ಐತೆ ಕಣ್ಲಾ. ಈ ಸಾಮಾನಿಗೂ ಕೇಳಾನ. ಗ್ರಾಮಸಭೆಗೆ ಬಾ.”

“ಸಭೇಲಿ ಉಚ್ಚೆ ಮಾತಾ? ಮಾನ ಓಯ್ತದೆ, ಬುಡು,” ಎಂದ ನಿಂಗರಾಜು.

ರಮ್ಯಳಿಗೆ ರೇಗಿತು. “ಜ್ವರದಲ್ಲಿ ನಡುಗ್ತಿದ್ದಾಗ ಯಾವ ಮಾನ ಬಂದು ಕಂಬಳಿ ಒದಿಸ್ತು? ನೀವು ಬರ್ದೆ ಇದ್ರೆ ನಾನೇ ಓಗಿ ಕೇಳ್ತೀನಿ.”

ನಿಂಗರಾಜು ಹೋದ. ಶಾಲೆಯ ವರಾಂಡದಲ್ಲಿ ಸಭೆ. ಧರ್ಮೇಂದ್ರ ವಿಷಯ ಎತ್ತಿದ್ದೇ ತಡ, ಹಿಂದೆ ಕೂತವರು ಕಿಸಕ್ಕನೆ ನಕ್ಕರು. ಪಂಚಾಯ್ತಿ ಸದಸ್ಯ ತಮ್ಮಯ್ಯ ಕೈ ಅಡ್ಡ ಆಡಿಸಿದ.

“ನಿಂಗೆ ಟ್ರೈಸಿಕಲ್ ಕೊಟ್ಟಿಲ್ವೇನ್ಲಾ? ಎಣ್ಮಕ್ಳು ಕುಂತವ್ರೆ. ಇಂಥವೆಲ್ಲ ಇಲ್ಲಿ ಬ್ಯಾಡ.”

ನಿಂಗರಾಜು ಹೊದ್ದಿದ್ದ ಟವಲನ್ನು ಪಕ್ಕಕ್ಕೆ ಸರಿಸಿದ. ತೊಡೆಗೆ ಕಟ್ಟಿದ್ದ ಚೀಲ ಎಲ್ಲರಿಗೂ ಕಂಡಿತು.

“ಕೊಟ್ರಿ ಕಣಣ್ಣ. ಅದ್ರಲ್ಲಿ ಕುಂತ್ಕಂಡು ಎಲ್ಲಿಗೋಗ್ಲಿ, ಪಂಚೆ ನೆನೆಸ್ಕಂಡು? ಕಾಲಿಲ್ದೋನಿಗೆ ಗಾಡಿ ಕೊಟ್ರೆ ಫೋಟೊ ತೆಗೆಸ್ಕತೀರಿ, ಉಚ್ಚೆ ನಿಲ್ದೋನಿಗೆ ಚೀಲ ಕೊಡಕ್ಕೆ ನಾಚ್ಕತೀರಿ. ನಾನು ಬಿಕ್ಷೆ ಬೇಡ್ತಿಲ್ಲ. ನಮ್ಗೆ ಅಂತ ಇಟ್ಟಿರೋದ್ರಲ್ಲೇ ಕೇಳ್ತಾವ್ನಿ. ಬರ್ಕಳಿ!”

ನಗು ನಿಂತಿತು. ಹೆಂಗಸರ ಸಾಲಿನಿಂದ ಪುಟ್ಟಗೌರಮ್ಮ ಎದ್ದರು. ಊರಿಗೇ ಹಿರಿಯಜ್ಜಿ.

“ನಂದೂ ಬರೀರಪ್ಪಾ. ಕೊನೇ ಎರಿಗೆ ಆದಾಗಿಂದ ತಡ್ಕಳಕ್ಕಾಗಲ್ಲ. ಬಸ್ಸಿಗೆ ಅತ್ತಿ ಮೇಲುಕೋಟೆಗೋಗಿ ಏಸು ವರ್ಸ ಆಯ್ತೋ. ನೀರು ಕುಡಿಯಕ್ಕೂ ಎದ್ರಿಕೆ.”

ಅಲ್ಲೇ ಇದ್ದ ನರ್ಸು ದಿವ್ಯ ಅಜ್ಜಿಯ ಕೈ ಹಿಡಿದಳು. “ನೀರು ಕುಡಿಯೋದು ಬುಡಬೇಡಿ ಅಜ್ಜಿ, ಇನ್ನೂ ಕಷ್ಟ ಆಯ್ತದೆ. ಇದಕ್ಕೆ ಚಿಕಿತ್ಸೆ ಐತೆ. ಆಸ್ಪತ್ರೆಗೆ ಬನ್ನಿ, ಡಾಕ್ಟ್ರಿಗೆ ತೋರಿಸಾನ.”

ತಮ್ಮಯ್ಯನ ತಾಯಿಯೂ ಇದೇ ತೊಂದರೆಯಿಂದ ಕೋಣೆ ಸೇರಿ ಕೂತಿದ್ದರೆಂದು ಊರಿಗೆಲ್ಲ ಗೊತ್ತಿತ್ತು. ಕೊನೆಗೆ ಅವನೇ “ಬರ್ಕಳಿ, ನಂದೂ ಒಪ್ಪಿಗೆ,” ಎಂದ. ಕೊಳವೆ, ಚೀಲದ ಖರ್ಚನ್ನು ಪಂಚಾಯ್ತಿ ಕೊಡಬೇಕೆಂದು ಠರಾವು ಆಯಿತು.

ಡಾಕ್ಟರ ಚೀಟಿ ಇಲ್ಲವೆಂದು ಮೊದಲ ಸಲ ಬಿಲ್ಲು ವಾಪಸು ಬಂತು. ರಮ್ಯ ಅದನ್ನೂ ಸೇರಿಸಿ ಮತ್ತೆ ಕೊಟ್ಟು, ಉತ್ತರ ಸಿಗುವವರೆಗೂ ಪಂಚಾಯ್ತಿ ಬಾಗಿಲು ಬಿಟ್ಟು ಕದಲಲಿಲ್ಲ. ಕೊಳವೆ, ಚೀಲಕ್ಕೆ ಖರ್ಚಾದ ಹಣ ಖಾತೆಗೆ ಬಂತು. ಈಗ ನಿಂಗರಾಜು ಗೋವಿಂದನಹಳ್ಳಿ ದಾರಿಯಲ್ಲಿ ಎಳನೀರು ಮಾರುತ್ತಾನೆ. “ಸಭೆಗೆ ಓಗದೆ ಇದ್ದಿದ್ರೆ ಆಸ್ಪತ್ರೇಲೇ ಇರ್ತಿದ್ದೆ,” ಎಂದು ಅವನೇ ಹೇಳುತ್ತಾನೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಬಟ್ಟೆ ಒದ್ದೆಯಾಗುವ ಭಯಕ್ಕೆ ಮೂಲೆ ಹಿಡಿದಿದ್ದಾರೆಯೇ? ಮೊದಲು ಡಾಕ್ಟರಿಗೆ ತೋರಿಸಿ. ಚೀಟಿ, ಬಿಲ್ಲು ಎಸೆಯಬೇಡಿ. ನೆರವು ಏನಿದೆ ಎಂದು ಪಂಚಾಯ್ತಿಯಲ್ಲಿ ಕೇಳಿ. ಇಲ್ಲ ಎಂದರೆ, ಹಾಗೆಂದು ಬರೆದುಕೊಡಿ ಎನ್ನಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಎದ್ದು ನಿಲ್ಲಲಾಗದಿದ್ದರೆ ಕೂತಲ್ಲಿಂದಲೇ ಕೇಳಿ. ಗಟ್ಟಿಯಾಗಿ ಕೇಳಿ.