ಮಾವ ಬರೆಯದೆ ಬಿಟ್ಟ ಕೂಲಿ

ರೆಡಿಮೇಡ್ ಮನೆ ಕಂಪನಿಯವರ ದರಪಟ್ಟಿ ನಾಲ್ಕು ಪುಟವಿತ್ತು, ಬಣ್ಣದ ಚಿತ್ರಗಳ ಸಮೇತ. ನನ್ನ ಮಾವನ ದರಪಟ್ಟಿ ಸಿಮೆಂಟ್ ಚೀಲದಿಂದ ಹರಿದ ಕಾಗದದ ಒಂದು ತುಂಡು, ಅದರಲ್ಲಿ ಪೆನ್ಸಿಲ್ಲಿನ ಬರಹ. ಎರಡನ್ನೂ ಅಡುಗೆಮನೆಯ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಹರಡಿದೆ. ಮನೆ ಅದೇ, ಒಂಬೈನೂರು ಚದರಡಿ. ಕಂಪನಿಯವರು ಹದಿನಾಲ್ಕು ಲಕ್ಷದ ನಲವತ್ತು ಸಾವಿರ ಕೇಳಿದ್ದರು, ನಲವತ್ತೈದು ದಿನದಲ್ಲಿ ಕೀಲಿ ಕೈಗೆ ಕೊಡುತ್ತೇವೆ ಎಂದಿದ್ದರು. ಮಾವ ಹದಿಮೂರು ಲಕ್ಷದ ಹತ್ತು ಸಾವಿರ ಬರೆದಿದ್ದರು, ಅವಧಿ ನಾಲ್ಕು ತಿಂಗಳು.

ನಾವಿದ್ದ ಬಾಡಿಗೆ ಮನೆಯನ್ನು ಆರು ತಿಂಗಳಲ್ಲಿ ಬಿಡಬೇಕಾಗಿತ್ತು. ಮಾಲೀಕರ ಮಗಳು ಸಂಸಾರ ಸಮೇತ ಅಲ್ಲಿಗೆ ಬರುವವಳಿದ್ದಳು. ಅವರು ಮುಂಚೆಯೇ ಮರ್ಯಾದೆಯಿಂದ ಹೇಳಿದ್ದರು, ನಾವೂ ಮರ್ಯಾದೆಯಿಂದ ಒಪ್ಪಿದ್ದೆವು.

ಮಾವ ನಲವತ್ತೊಂದು ವರ್ಷ ಗಾರೆ ಕೆಲಸ ಮಾಡಿದವರು. ಈ ಊರಿನ ಎಷ್ಟೋ ಬೀದಿಗಳಲ್ಲಿ ನಡೆಯುವಾಗ ಅವರು ಮನೆಗಳನ್ನು ಸಂಬಂಧಿಕರ ಹಾಗೆ ಪರಿಚಯಿಸುತ್ತಾರೆ. ಇದಕ್ಕೆ ಮೆಟ್ಟಿಲು ನಾನೇ ಹಾಕಿದ್ದು, ಅದರ ಪಾಯದಲ್ಲಿ ನೀರು ಬಂದು ಮೂರು ದಿನ ಒದ್ದಾಡಿದ್ದು, ಇದರ ಯಜಮಾನ ಬಲು ಜಿಪುಣ. ಆದರೆ ಅವರು ಹುಟ್ಟಿದಂದಿನಿಂದ ಇಂದಿನವರೆಗೆ ಬದುಕಿದ್ದು ಬಾಡಿಗೆ ಮನೆಯಲ್ಲೇ. ಮಂಡಿ ನೋವಿನಿಂದ ಐದು ವರ್ಷದ ಹಿಂದೆ ಕೆಲಸ ಬಿಟ್ಟಿದ್ದರು. ಈಗ ನಾವು ಸೈಟು ಕೊಂಡ ಮೇಲೆ ಅವರಿಗೆ ಒಂದೇ ಆಸೆ, ನಮ್ಮ ಮನೆಯ ಗೋಡೆ ತಮ್ಮ ಕೈಯಿಂದಲೇ ಏಳಬೇಕು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅಟ್ಟದ ಮೇಲಿದ್ದ ಗಾರೆ ಕರಣೆಯನ್ನು ಕೆಳಗಿಳಿಸಿ, ತುಕ್ಕು ಉಜ್ಜಿ, ಎಣ್ಣೆ ಸವರಿ ಕಿಟಕಿಯಲ್ಲಿ ಇಟ್ಟರು. ಬಂದವರಿಗೆಲ್ಲ ಕಾಣುವ ಹಾಗೆ.

ನನ್ನ ಮನಸ್ಸಿದ್ದದ್ದು ರೆಡಿಮೇಡ್ ಮನೆಯ ಕಡೆ. ಗೋಡೆಗಳು ಕಂಪನಿಯಲ್ಲೇ ತಯಾರಾಗಿ ಬರುತ್ತವೆ, ಬೇಗ ಮುಗಿಯುತ್ತದೆ, ಮಾವನ ಮಂಡಿಯೂ ಉಳಿಯುತ್ತದೆ. ನಾನು ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ದಿನಕ್ಕೆ ಇನ್ನೂರು ಅಂಗಿಯ ಬಟ್ಟೆ ನನ್ನ ಕತ್ತರಿಯ ಕೆಳಗೆ ಹೋಗುತ್ತದೆ. ಹೆಣ್ಣು ಮಾಸ್ಟರಾ ಎಂದು ಮೂಗು ಮುರಿದವರೆಲ್ಲ ಈಗ ನನ್ನ ಅಳತೆಯಲ್ಲೇ ಹೊಲಿಯುತ್ತಾರೆ. ಮಾವ ಮನೆಯಲ್ಲಿ ನನ್ನನ್ನು ಕರೆಯುವುದೇ ಕತ್ತರಿಯಮ್ಮ ಎಂದು. ಒಂದು ಕಡೆ ಅಳೆದು, ಕತ್ತರಿಸಿ, ಇನ್ನೊಂದು ಕಡೆ ಜೋಡಿಸುವ ಕೆಲಸದ ಮೇಲೆ ನನಗೆ ಅನುಮಾನವಿಲ್ಲ. ಅಂಗಿ ಹಾಗೆ ಆಗುತ್ತದೆ ಎಂದರೆ ಗೋಡೆ ಯಾಕಾಗಬಾರದು?

ನನ್ನ ಗಂಡ ಬಸ್ ಡ್ರೈವರ್. ಅಪ್ಪನಿಗೂ ಹೆಂಡತಿಗೂ ನಡುವೆ ಬಸ್ಸು ನುಗ್ಗಿಸುವ ಧೈರ್ಯ ಅವರಿಗಿಲ್ಲ. ನೀವಿಬ್ಬರೂ ಒಪ್ಪಿದ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದು ಹೇಳಿ ಶಿಫ್ಟಿಗೆ ಹೊರಟರು.

ಮಾವ ಕನ್ನಡಕ ಏರಿಸಿಕೊಂಡು ಕಂಪನಿಯ ಪಟ್ಟಿಯನ್ನು ಕೈಗೆತ್ತಿಕೊಂಡರು. ಚಿತ್ರಗಳನ್ನು ಬಿಟ್ಟು ಕೊನೆಯ ಪುಟದ ಕೆಳಗಿದ್ದ ಸಣ್ಣ ಅಕ್ಷರಗಳಿಗೆ ನೇರವಾಗಿ ಹೋದರು. ಬೆರಳಿಟ್ಟು ಓದಿದರು. ಆಮೇಲೆ ಕಾಗದ ನನ್ನ ಕಡೆ ತಳ್ಳಿದರು.

"ಕತ್ತರಿಯಮ್ಮ, ಈ ಡಬ್ಬಿ ಮನೆ ನಿಲ್ಲೋದೆಲ್ಲಿ? ಗಾಳಿ ಮೇಲಾ?"

ನೋಡಿದೆ. ಪಾಯ ಮತ್ತು ನೆಲಗಟ್ಟು ಗ್ರಾಹಕರದ್ದು. ಲಾರಿ ಮತ್ತು ಕ್ರೇನಿನ ಬಾಡಿಗೆ ಬೇರೆ. ನೀರು, ವಿದ್ಯುತ್ತನ್ನು ಬೀದಿಯಿಂದ ಮನೆಯೊಳಕ್ಕೆ ತರುವುದು ಬೇರೆ. ನನಗೆ ನಾಚಿಕೆಯಾಯಿತು. ಗಿರಾಕಿಗಳು ಬಟ್ಟೆ ತಂದು ಕೊಟ್ಟು ಲೈನಿಂಗು, ಗುಂಡಿ, ದಾರ ಮರೆತಾಗ ನಗುವವಳು ನಾನು. ಈಗ ನಾನೇ ಗುಂಡಿ ಇಲ್ಲದ ಅಂಗಿಗೆ ತಲೆಯಾಡಿಸಿದ್ದೆ.

ಆದರೆ ನಾನೂ ಸುಮ್ಮನೆ ಬಿಡುವವಳಲ್ಲ. ಅವರ ಚೀಟಿ ಎಳೆದುಕೊಂಡೆ. ಪಾಯದ ಕಲ್ಲು, ಬ್ಲಾಕು, ಸಿಮೆಂಟು, ಮರಳು, ಕಬ್ಬಿಣ, ಬಾಗಿಲು, ಕಿಟಕಿ, ವೈರು, ಪೈಪು, ನೀರು, ವಿದ್ಯುತ್ತಿನ ಸಂಪರ್ಕ, ಬಡಗಿಯ ಕೂಲಿ, ಪ್ಲಂಬರ್ ಕೂಲಿ, ಬಣ್ಣದವರ ಕೂಲಿ. ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ಗಾರೆಯವರ ಕೂಲಿ ಎಲ್ಲೂ ಇರಲಿಲ್ಲ.

"ಗೋಡೆ ಕಟ್ಟೋರು ಯಾರು ಮಾವ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ತಾವಿಲ್ಲವೇ, ತಮ್ಮ ಜೊತೆಗೆ ಕೆಲಸ ಮಾಡುತ್ತಿದ್ದ ಹಳೆಯ ಜೊತೆಗಾರರಿಬ್ಬರು ಬರುತ್ತಾರಲ್ಲ, ತಮ್ಮ ಮನೆಗೆ ತಾವೇ ಕೂಲಿ ಬರೆದುಕೊಳ್ಳುವುದುಂಟೆ ಎಂದರು. ಆ ಇಬ್ಬರಲ್ಲಿ ಒಬ್ಬರಿಗೆ ಎಪ್ಪತ್ತೆರಡು. ಇನ್ನೊಬ್ಬರ ಕಣ್ಣಿಗೆ ಹೋದ ತಿಂಗಳಷ್ಟೇ ಆಪರೇಷನ್ ಆಗಿತ್ತು. ಅದನ್ನು ನಾನು ನೆನಪಿಸಿದಾಗ, ಕಣ್ಣು ಈಗ ಮುಂಚಿಗಿಂತ ಚೆನ್ನಾಗಿ ಕಾಣುತ್ತದಂತೆ ಎಂದರು ಮಾವ, ಅದೇ ಗತ್ತಿನಲ್ಲಿ.

ವಾದ ಮಾಡಿ ಗೆಲ್ಲುವ ಜಾಗ ಅದಲ್ಲ ಎಂದು ನನಗೆ ಗೊತ್ತಾಯಿತು. ಕಾರ್ಖಾನೆಯಲ್ಲಿ ಹೊಸ ಬಟ್ಟೆ ಬಂದರೆ ನಾನು ಇನ್ನೂರು ಅಂಗಿ ಒಟ್ಟಿಗೆ ಕತ್ತರಿಸುವುದಿಲ್ಲ, ಮೊದಲು ಒಂದು ಮಾದರಿ ಹೊಲಿಸುತ್ತೇನೆ. ಅದನ್ನೇ ಇಲ್ಲೂ ಮಾಡೋಣ ಎಂದೆ. ಸೈಟಿನ ಹಿಂಭಾಗಕ್ಕೆ ಕಾಂಪೌಂಡ್ ಗೋಡೆ ಎರಡೂ ಲೆಕ್ಕದಲ್ಲಿ ಬೇಕೇ ಬೇಕು. ಅದರಲ್ಲಿ ಹತ್ತಡಿ ಉದ್ದ, ಐದಡಿ ಎತ್ತರ ಮಾವ ಕಟ್ಟಲಿ, ಒಬ್ಬ ಕೈಯಾಳು ಕಲಸಿ ಕೊಡಲಿ. ಎಷ್ಟು ಹೊತ್ತಾಗುತ್ತದೋ ಅದರ ಮೇಲೆ ಮನೆಯ ದಿನಗಳನ್ನು ಲೆಕ್ಕ ಹಾಕೋಣ.

ಮಾವನಿಗೆ ಖುಷಿಯೋ ಖುಷಿ. "ಹತ್ತಕ್ಕೆ ಐದಾ? ಮಧ್ಯಾಹ್ನದ ಊಟಕ್ಕೆ ಮನೆಗೆ ಬರ್ತೀನಿ, ನೋಡ್ತಿರು."

ಮೊದಲ ದಿನ ಅವರು ಊಟಕ್ಕೆ ಬರಲಿಲ್ಲ. ಸಂಜೆ ಬಂದವರು ಸ್ನಾನ ಮಾಡಿ ಮಲಗಿದರು. ಎರಡನೆಯ ದಿನ ಬೆಳಗ್ಗೆ ಮಂಡಿಗೆ ಬಟ್ಟೆ ಸುತ್ತಿಕೊಂಡು, ಪ್ಯಾಂಟು ಅದರ ಮೇಲೆ ಎಳೆದುಕೊಂಡು ಹೋದರು. ನಾನು ನೋಡಿದೆ, ನೋಡದ ಹಾಗಿದ್ದೆ. ಸಾಕು ಬಿಡಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ನಾನು ಹೇಳಿದ್ದರೆ, ಸೊಸೆ ಬಿಡಿಸಿದಳು ಎಂದಾಗುತ್ತಿತ್ತು. ಅದು ಅವರ ಜೀವಮಾನದ ಕೆಲಸ, ನಿಲ್ಲಿಸುವುದಾದರೂ ಅವರೇ ನಿಲ್ಲಿಸಬೇಕು.

ಮೂರನೆಯ ದಿನ ಕಾರ್ಖಾನೆಯ ಊಟದ ಬಿಡುವಿನಲ್ಲಿ ಸೈಟಿಗೆ ಹೋದೆ. ಗೋಡೆ ಮುಗಿದಿತ್ತು. ಕೈಯಾಳು ಊಟಕ್ಕೆ ಹೋಗಿದ್ದ. ಮಾವ ಮರಳಿನ ಗುಡ್ಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ನಾನು ಗೋಡೆಯ ಪಕ್ಕ ಕಣ್ಣಿಟ್ಟು ನೋಡಿದೆ, ಕಾರ್ಖಾನೆಯಲ್ಲಿ ಬಟ್ಟೆಯ ಅಂಚು ನೋಡುವ ಹಾಗೆ. ಒಂದು ಬ್ಲಾಕು ಆಚೆ ಇಲ್ಲ, ಈಚೆ ಇಲ್ಲ. ಬ್ಲಾಕಿನ ವರಸೆಗಳ ನಡುವಿನ ಗಾರೆ ಗೆರೆ ಎಳೆದ ಹಾಗೆ ಒಂದೇ ದಪ್ಪ. ಇಂಥ ಗೋಡೆ ಈ ಬೀದಿಯಲ್ಲೇ ಇರಲಿಲ್ಲ.

ನಾನು ಏನಾದರೂ ಹೇಳುವ ಮೊದಲೇ ಅವರು ಹೇಳಿದರು. "ಗೋಡೆ ಸರಿಯಾಗಿದೆ. ಲೆಕ್ಕ ತಪ್ಪಾಗಿದೆ."

ದನಿಯಲ್ಲಿ ಸೋಲಿರಲಿಲ್ಲ. ಬೇರೆಯವರ ಕೆಲಸ ನೋಡಿ ತೀರ್ಪು ಕೊಡುವಾಗ ಇರುತ್ತಿದ್ದ ದನಿಯೇ ಅದು. ಹರೆಯದ ಕೈಗಳ ವೇಗದಲ್ಲಿ ಹೊಸ ಮನೆಯ ದಿನಗಳನ್ನು ಎಣಿಸಿಬಿಟ್ಟೆ ಎಂದರು. ಅರ್ಧ ದಿನದ ಕೆಲಸಕ್ಕೆ ಎರಡೂವರೆ ದಿನ. ಈ ವೇಗದಲ್ಲಿ ಕಟ್ಟಿದರೆ ಮೊಮ್ಮಗಳ ಮದುವೆಯ ಹೊತ್ತಿಗೆ ಚಾವಣಿ ಹಾಕಬಹುದು ಎಂದು ನಕ್ಕರು. ದೊಡ್ಡ ಮೊಮ್ಮಗಳಿಗೇ ಆಗ ಆರು ವರ್ಷ. ನಾನೂ ಅವರ ಪಕ್ಕದಲ್ಲಿ ಮರಳಿನ ಮೇಲೆ ಕೂತೆ.

"ಹಾಗಾದ್ರೆ ಡಬ್ಬಿ ಮನೆಗೇ ಹೇಳ್ಬಿಡಮ್ಮ," ಎಂದರು ಗೋಡೆಯ ಕಡೆಗೇ ನೋಡುತ್ತಾ.

ಹೇಳಿಬಿಡಬಹುದಿತ್ತು. ಎರಡು ವಾರದ ಹಿಂದೆ ನನಗೆ ಬೇಕಾಗಿದ್ದ ಮಾತೇ ಅದು. ಆದರೆ ಲೆಕ್ಕ ಇನ್ನೂ ಮುಗಿದಿರಲಿಲ್ಲ, ಅರ್ಧ ಲೆಕ್ಕಕ್ಕೆ ಕತ್ತರಿ ಹಾಕುವ ಅಭ್ಯಾಸ ನನಗಿಲ್ಲ. ಪೂರ್ತಿ ಕೂಡಿಸೋಣ, ಆಮೇಲೆ ನೋಡೋಣ ಎಂದೆ.

ಆ ಭಾನುವಾರ ಇಬ್ಬರೂ ಹೊಸ ಹಾಳೆಯೊಂದಿಗೆ ಕೂತೆವು. ಕಂಪನಿಯ ಮೊತ್ತಕ್ಕೆ ಪಾಯ, ನೆಲಗಟ್ಟಿನ ಮೂರು ಲಕ್ಷದ ಅರವತ್ತು ಸಾವಿರ, ಲಾರಿ, ಕ್ರೇನಿನ ತೊಂಬತ್ತು, ನೀರು, ವಿದ್ಯುತ್ತಿನ ಐವತ್ತು ಸೇರಿಸಿದೆವು. ಹತ್ತೊಂಬತ್ತು ಲಕ್ಷದ ನಲವತ್ತು ಸಾವಿರವಾಯಿತು. ಮಾವನ ಮೊತ್ತಕ್ಕೆ, ಗಟ್ಟಿ ಕೈಗಳ ನಾಲ್ಕು ಜನ ಗಾರೆಯವರು ಮತ್ತು ಅವರ ಕೈಯಾಳುಗಳ ಕೂಲಿ ನಾಲ್ಕು ಲಕ್ಷದ ಎಂಬತ್ತು. ಕೆಲಸ ಐದು ತಿಂಗಳು ಹಿಡಿಯುವುದರಿಂದ ಹೆಚ್ಚಿಗೆ ಕಟ್ಟಬೇಕಾದ ಬಾಡಿಗೆ ನಲವತ್ತೆಂಟು. ಮಾವ ಗೀಟು ಎಳೆಯಲು ಹೊರಟರು. ನಾನು ಪೆನ್ಸಿಲ್ ಕಸಿದುಕೊಂಡು ಇನ್ನೊಂದು ಸಾಲು ಬರೆದೆ. ಮೇಸ್ತ್ರಿಯ ಸಂಬಳ, ಐದು ತಿಂಗಳಿಗೆ ಒಂದು ಲಕ್ಷದ ಇಪ್ಪತ್ತು ಸಾವಿರ.

"ಯಾವ ಮೇಸ್ತ್ರಿ?"

"ನೀವೇ. ನಿಂತು ಮಾಡಿಸೋದು ನಿಮ್ಮ ಕೆಲಸ. ಬ್ಲಾಕ್ ಎತ್ತಿದ್ದು ನನ್ನ ಕಣ್ಣಿಗೆ ಬಿದ್ರೆ ಒಂದು ದಿನದ ಸಂಬಳ ಕಟ್."

ಸೊಸೆಯ ಕೈಯಿಂದ ಸಂಬಳ ತಗೊಂಡರೆ ಜನ ಏನಂತಾರೆ ಎಂದು ಮಾವ ಗೊಣಗಿದರು. ಹೊರಗಿನ ಮೇಸ್ತ್ರಿಯನ್ನು ಕರೆದರೂ ಕೊಡಲೇಬೇಕಲ್ಲ, ಬರೆಯದೆ ಬಿಟ್ಟರೆ ಮತ್ತೆ ಅದೇ ಸುಳ್ಳು ಲೆಕ್ಕವಾಗುತ್ತದೆ ಎಂದೆ. ಅವರು ಪೆನ್ಸಿಲ್ ವಾಪಸ್ ತೆಗೆದುಕೊಂಡು ಗೀಟು ಎಳೆದರು. ಒಟ್ಟು ಹತ್ತೊಂಬತ್ತು ಲಕ್ಷದ ಐವತ್ತೆಂಟು ಸಾವಿರ.

ವ್ಯತ್ಯಾಸ ಬರೀ ಹದಿನೆಂಟು ಸಾವಿರ! ಎರಡು ವಾರ ಮುಖ ಊದಿಸಿಕೊಂಡು ನಾವು ಹೊಡೆದಾಡಿದ್ದು ಬಾಗಿಲ ಚಿಲಕ, ಬೀಗಗಳ ದುಡ್ಡಿಗೆ.

ಮರುದಿನ ಕಂಪನಿಯ ಹುಡುಗಿಗೆ ಫೋನ್ ಮಾಡಿದೆ. ಒಳ್ಳೆಯವಳು, ನೇರ ಮಾತು. ಮುಂದೆ ಎಂದಾದರೂ ಮೇಲೆ ಎರಡು ಕೋಣೆ ಕಟ್ಟಬಹುದೇ ಎಂದು ಕೇಳಿದೆ. ನಾವು ಈಗ ಕೇಳಿರುವ ಮಾದರಿಯ ಮೇಲೆ ಆಗುವುದಿಲ್ಲ, ಬೇಕಿದ್ದರೆ ಇವತ್ತೇ ಹೇಳಬೇಕು, ಅದಕ್ಕೆ ದರ ಬೇರೆ ಎಂದಳು. ಮಾವನ ಲೆಕ್ಕದ ಗೋಡೆ ಮೇಲಿನ ಮಹಡಿಯನ್ನೂ ಹೊರುತ್ತದೆ, ಕಬ್ಬಿಣ ಅದಕ್ಕೇ ಅಷ್ಟು ಬರೆದಿದ್ದರು. ನನಗೆ ಇಬ್ಬರು ಹೆಣ್ಣುಮಕ್ಕಳು, ಈಗಲೇ ಒಂದು ಮಂಚಕ್ಕೆ ಕಿತ್ತಾಡುತ್ತಾರೆ. ತುರ್ತಾಗಿ ಮನೆ ಬೇಕಾದವರಿಗೆ, ಸೈಟಿನಲ್ಲಿ ದಿನವೂ ನಿಂತು ನೋಡುವವರಿಲ್ಲದವರಿಗೆ ಅವಳ ಮನೆಯೇ ಸರಿ. ನಮ್ಮಲ್ಲಿ ನಿಲ್ಲುವವರಿದ್ದರು. ಅವಳಿಗೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. ಗಂಡ ಹೊಸ ಹಾಳೆಗೆ ಸಹಿ ಹಾಕಿ, ಎರಡೇ ವಾರಕ್ಕೆ ಮುಗಿಯಿತಲ್ಲ, ನಾನು ಎರಡು ತಿಂಗಳು ಅಂದುಕೊಂಡಿದ್ದೆ ಎಂದರು.

ಕೆಲಸ ಶುರುವಾಗಿ ಏಳನೆಯ ವಾರ. ಗೋಡೆಗಳು ಎದೆಮಟ್ಟಕ್ಕೆ ಬಂದಿದ್ದವು. ಬೆಳಗ್ಗೆ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಸೈಟಿಗೆ ಹೋದರೆ, ಅಡುಗೆಮನೆಯ ಜಾಗದಲ್ಲಿ ನಾಲ್ವರು ಗಾರೆಯವರೂ ತಲೆತಗ್ಗಿಸಿ ನಿಂತಿದ್ದಾರೆ. ಮಾವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗೋಡೆ ನೆಟ್ಟಗಿದೆಯೇ ಎಂದು ನೋಡುವ ರಸಮಟ್ಟವನ್ನು ಕೈಯಲ್ಲಿ ಹಿಡಿದಿದ್ದಾರೆ. ನಿನ್ನೆ ಸಂಜೆ ಕಟ್ಟಿದ ಎರಡು ವರಸೆ ಒಂದು ನೂಲಿನಷ್ಟು ಹೊರಗೆ ವಾಲಿತ್ತಂತೆ. ಅವುಗಳನ್ನು ಬಿಚ್ಚಿ ಮತ್ತೆ ಕಟ್ಟಿ ಎಂದು ಅಪ್ಪಣೆಯಾಗಿತ್ತು.

ನನ್ನ ಕಣ್ಣಿಗೆ ಅದು ನೆಟ್ಟಗೇ ಕಾಣುತ್ತಿತ್ತು. ಬಾಡಿಗೆ ಮನೆ ಬಿಡಬೇಕಾದ ದಿನ ಮನಸ್ಸಿನಲ್ಲೇ ಓಡತೊಡಗಿತು. ಪ್ಲಾಸ್ಟರಿನಲ್ಲಿ ಸರಿಹೋಗುವುದಿಲ್ಲವೇ, ಅರ್ಧ ದಿನ ಹಾಳಾಗುತ್ತದಲ್ಲ ಎಂದು ಮೆಲ್ಲಗೆ ಕೇಳಿದೆ.

ಮಾವ ಕುರ್ಚಿಯಿಂದ ಏಳಲಿಲ್ಲ. ಕೆಲಸದವರ ಎದುರಿಗೇ, ಮನೆಯಲ್ಲಿ ಎಂದೂ ನನ್ನೊಡನೆ ಆಡದ ದನಿಯಲ್ಲಿ ಹೇಳಿದರು. "ಕೆಡವಿ ಕಟ್ಟೋಕೆ ಅಂತಾನೇ ಐದು ತಿಂಗಳಲ್ಲಿ ಹತ್ತು ದಿನ ಬರೆದಿಟ್ಟಿದೀನಿ. ಅದರಲ್ಲಿ ಇದು ಎರಡನೇ ದಿನ. ನೀವು ಡ್ಯೂಟಿಗೆ ಹೊರಡಿ ಮಾಲೀಕರೇ, ಇಲ್ಲಿ ಗೋಡೆ ನಾನು ನೋಡ್ಕೋತೀನಿ."

ನಾಲ್ವರಲ್ಲಿ ಒಬ್ಬ ನಗು ತಡೆಯಲಾಗದೆ ಆಚೆ ತಿರುಗಿದ. ನಾನು ಬ್ಯಾಗು ಹೆಗಲಿಗೇರಿಸಿ ಹೊರಟೆ. ಬಸ್ ಸ್ಟಾಪ್ ತಲುಪುವವರೆಗೂ ಹಿಂದಿನಿಂದ ಸುತ್ತಿಗೆಯ ಸದ್ದು, ಅದರ ಮೇಲೆ ಮಾವನ ಬೈಗುಳ, ಎರಡೂ ಒಂದೇ ಲಯದಲ್ಲಿ ಕೇಳಿಬರುತ್ತಿದ್ದವು.