ಇಪ್ಪತ್ನಾಲ್ಕು ಇಂಚಿನ ಗೂಡು

ನಮ್ಮನೆಯವರನ್ನ ಊರೆಲ್ಲ ಕಾಲಿಂಚು ಅಂತಲೇ ಕರೆಯೋದು. ಬಡಗಿ ಕೆಲಸ. ಕೂರಿಸಿದ ಬಾಗಿಲು ಕಾಲಿಂಚು ಸೊಟ್ಟಗಿದ್ದರೆ, ಆ ಮನೆಯವರು ಬೇಡ ಬೇಡ ಅಂದರೂ ಕಿತ್ತು ಹೆಗಲ ಮೇಲೆ ಹೊತ್ತುಕೊಂಡು ವಾಪಸ್ ಬರುವ ಆಸಾಮಿ. ಇಂಥಾ ಮನುಷ್ಯ ಮದುವೆಯಾದ ಹದಿನೇಳು ವರ್ಷದಲ್ಲಿ ನಮ್ಮ ಮನೆಗೆ ಅಂತ ಒಂದು ಸ್ಟೂಲ್ ಮಾಡಿಕೊಟ್ಟಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಇಟ್ಟಿಗೆ ಮೇಲೆ ಹಲಗೆ, ಹಲಗೆ ಮೇಲೆ ಪಾತ್ರೆ. ಕೇಳಿದರೆ "ಮಾಡೋಣ" ಅನ್ನೋರು. ಆ "ಮಾಡೋಣ" ಕೇಳಿ ಕೇಳಿ ನಾನು ಕೇಳುವುದನ್ನೇ ಬಿಟ್ಟಿದ್ದೆ.

ನಾನು ಬಟ್ಟೆ ಕತ್ತರಿಸುವವಳು. ಉಡುಪು ತಯಾರಿಸುವ ಕಾರ್ಖಾನೆಯಲ್ಲಿ ಉದ್ದನೆಯ ಮೇಜಿನ ಮುಂದೆ ಹದಿನಾಲ್ಕು ವರ್ಷ ನಿಂತೇ ಕಳೆದೆ. ನಿಂತು ನಿಂತು ಎಡಗಾಲಿನ ಮಂಡಿ ಸಂಜೆ ಹೊತ್ತಿಗೆ ಊದಿಕೊಂಡು, ಅದು ನನ್ನದೇ ಕಾಲಾ ಅಂತ ಅನುಮಾನ ಬರುವ ಹಾಗೆ ಆಗುತ್ತಿತ್ತು. ಡಾಕ್ಟರು ನಿಲ್ಲುವ ಕೆಲಸ ಬಿಡಿ ಅಂದರು. ಬಿಟ್ಟರೆ ತಿನ್ನೋದೇನು ಅಂತ ಅವರು ಹೇಳಲಿಲ್ಲ. ಅಷ್ಟರಲ್ಲಿ ಕಾರ್ಖಾನೆಯ ಮೇಡಂ ಬಟ್ಟೆ ಕತ್ತರಿಸೋಕೆ ಬೇಕಾದ ಪ್ಯಾಟರ್ನುಗಳನ್ನೆಲ್ಲ ಕಂಪ್ಯೂಟರಿನಲ್ಲೇ ಬಿಡಿಸುವ ವ್ಯವಸ್ಥೆ ತಂದರು. ಮಂಡಿ ನೆಪದಲ್ಲಿ ನಾನು ಮೂರು ತಿಂಗಳು ಹಲ್ಲು ಕಚ್ಚಿ ಅದನ್ನ ಕಲಿತೆ. ಮೇಡಂ ಒಂದು ಪರೀಕ್ಷೆ ಇಟ್ಟರು. ಒಂದೇ ಅಂಗಿ, ಆರು ಸೈಜು, ಮನೆಯಲ್ಲಿ ಕೂತು ಬಿಡಿಸಿ ಮುಂದಿನ ಸೋಮವಾರ ಬೆಳಿಗ್ಗೆ ಹತ್ತರೊಳಗೆ ಕಳಿಸಬೇಕು. ಸರಿಯಾದರೆ ಇನ್ನು ಮೇಲೆ ಮನೆಯಿಂದಲೇ ಕೆಲಸ, ಕುರ್ಚಿ ಮೇಲೆ. ತಪ್ಪಿದರೆ ಮತ್ತೆ ಅದೇ ಮೇಜು, ಅದೇ ನಿಲ್ಲೋದು.

ಕೆಲಸಕ್ಕೆ ಅಂತ ಕಂಪ್ಯೂಟರನ್ನೂ ಕೊಟ್ಟರು. ಊಟದ ಡಬ್ಬಿಯಷ್ಟಿತ್ತು. ಪರದೆ ಇಲ್ಲ. ಮಾನಿಟರ್ ನೀನೇ ತಗೋ, ಇಪ್ಪತ್ನಾಲ್ಕು ಇಂಚಿಗಿಂತ ಚಿಕ್ಕದು ಬೇಡ ಅಂದರು. ಮನೆಗೆ ತಂದಾಗ ನಮ್ಮತ್ತೆ ಅದನ್ನ ತಿರುಗಿಸಿ ಮುರುಗಿಸಿ ನೋಡಿ, ಮುಚ್ಚಳ ಎಲ್ಲಿ ಅಂತ ಕೇಳಿದರು.

ಮಾನಿಟರ್ ಬರುವ ತನಕ ಟಿವಿಗೆ ಸಿಕ್ಕಿಸಿಕೊಂಡು ಕೆಲಸ ಶುರು ಮಾಡಿದೆ. ಟಿವಿ ಇರೋದು ಗೋಡೆಯ ಮೇಲೆ, ನಮ್ಮತ್ತೆಯ ಮಂಚದ ಎದುರಿಗೆ. ಕತ್ತೆತ್ತಿ ನೋಡಿ ನೋಡಿ ನನ್ನ ಕತ್ತು ಹಿಡಿದುಕೊಂಡಿತು. ಅದೂ ಸಾಲದು ಅಂತ ಆ ಟಿವಿ ಚಿತ್ರದ ನಾಲ್ಕೂ ಅಂಚನ್ನ ನುಂಗಿ ಹಾಕುತ್ತಿತ್ತು. ನನ್ನ ಕಾಲರಿನ ಎರಡೂ ತುದಿ ಎಲ್ಲೋ ಗೋಡೆಯೊಳಗೆ. ಬೆನ್ನು, ತೋಳು, ಜೇಬು ಹೇಗೋ ಮುಗಿಸಿದೆ. ಕಾಲರ್ ಮಾತ್ರ ಅದರಲ್ಲಿ ಆಗುವ ಮಾತೇ ಅಲ್ಲ. ನಮ್ಮತ್ತೆ ಪಾಪ, ಧಾರಾವಾಹಿ ಬಿಟ್ಟುಕೊಟ್ಟು ನಾಲ್ಕು ದಿನ ಅಂಗಿಯ ತೋಳನ್ನೇ ನೋಡುತ್ತಾ ಕೂತರು. ಮೂರನೇ ದಿನ, ಅದಕ್ಕಿಂತ ಇದೇ ವಾಸಿ, ಇಲ್ಲಿ ಸ್ವಲ್ಪನಾದರೂ ಮುಂದಕ್ಕೆ ಹೋಗುತ್ತೆ ಅಂದರು.

ಕಾಲಿಂಚು ಬಂದು ಟಿವಿಯ ಮೇಲೆ ತಮ್ಮ ಕಬ್ಬಿಣದ ಟೇಪ್ ಇಟ್ಟು ಅಳೆದರು. ಹದಿನಾಲ್ಕು ಇಂಚಿನ ಕಾಲರ್ ಅಲ್ಲಿ ಮೂವತ್ತು ದಾಟಿತ್ತು. ಆನೆಗೆ ಹೊಲೀತಿದ್ದೀಯಾ ಅಂತ ಕೇಳಿ, ನಾನು ದುರುಗುಟ್ಟಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಹೋದವರು ಹಿತ್ತಲಿನ ಶೆಡ್ಡಿನ ಬಾಗಿಲು ಹಾಕಿಕೊಂಡರು. ಐದು ದಿನ ಗರಗಸದ ಸದ್ದು. ಯಾರದೋ ಅವಸರದ ಕೆಲಸ ಅಂದುಕೊಂಡು ನಾನು ವಿಚಾರಿಸಲೂ ಇಲ್ಲ.

ಶನಿವಾರ ಮಧ್ಯಾಹ್ನ ಆ ಬಾಗಿಲು ತೆರೆದಾಗ ಹೊರಗೆ ಬಂದದ್ದು ಒಂದು ಮೇಜು. ನನಗೆ. ಒಂದು ಮೊಳೆ ಇಲ್ಲ, ಎಲ್ಲ ಮರಕ್ಕೆ ಮರವೇ ಕಚ್ಚಿಕೊಂಡಿತ್ತು. ಮುಂದೆ ಕೈಯೂರಲು ಹಲಗೆ, ಹಿಂದೆ ಗೋಡೆ ಕಡೆಗೆ ಒಂದು ಗೂಡು. ಪರದೆ ಆ ಗೂಡಿನೊಳಗೆ ಕೂತರೆ ಕಣ್ಣಿಗೆ ಸರಿಯಾದಷ್ಟು ದೂರ. ನಿಜ ಹೇಳ್ತೀನಿ, ನನ್ನ ಕಣ್ಣು ತುಂಬಿ ಬಂತು. ಹದಿನೇಳು ವರ್ಷದ ಕೋಪ ಅರ್ಧ ಅಲ್ಲೇ ಇಳೀತು.

"ಗೂಡು ಕರೆಕ್ಟಾಗಿ ಇಪ್ಪತ್ನಾಲ್ಕು ಇಂಚು," ಅಂದರು. "ಕೂದಲು ತೂರಲ್ಲ."

ಅವತ್ತೇ ಸಂಜೆ ಮಾನಿಟರ್ ತರೋಕೂ ಅವರೇ ಹೋದರು. ಅಂಗಡಿಯವರು ನಿಮ್ಮ ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸೋಕೆ ಯಾವ ತರದ ಕಿಂಡಿ ಇದೆ, ಅದಕ್ಕೆ ಹೊಂದುವ ಮಾನಿಟರೇ ಆಗಬೇಕು ಅಂದರಂತೆ. ಇವರು ಜೇಬಿನಿಂದ ಒಂದು ಮರದ ಚೂರು ತೆಗೆದರಂತೆ. ಅದರ ಮೇಲೆ ಪೆನ್ಸಿಲಿನಲ್ಲಿ ಕಿಂಡಿಯ ಅಗಲ, ಎತ್ತರ, ಕೆಳಗಿನ ಮೂಲೆಗಳ ಇಳಿಜಾರು, ಎಲ್ಲ ಮಿಲಿಮೀಟರಿನಲ್ಲಿ ಬರೆದಿತ್ತು. ಅಂಗಡಿಯವರು ತಲೆ ಕೆರೆದುಕೊಂಡು, ಒಂದೊಂದೇ ಕೇಬಲ್ ತಂದು ಅಳೆದು, ಕೊನೆಗೆ ಎಚ್‌ಡಿಎಂಐ ಅಂತ ತೀರ್ಮಾನ ಮಾಡಿದರು. ಮನೆಗೆ ತಂದು ಸಿಕ್ಕಿಸಿದರೆ ಸಲೀಸಾಗಿ ಕೂತಿತು. ಅವತ್ತು ಇವರು ಬೀಗಿದ್ದು ನೋಡಬೇಕಿತ್ತು.

ಆದರೆ ಮಾನಿಟರನ್ನ ಗೂಡಿನಲ್ಲಿಟ್ಟರೆ ಎರಡೂ ಪಕ್ಕ ಎರಡೆರಡು ಬೆರಳು ತೂರುವಷ್ಟು ಸಂದು. ಇವರು ಟೇಪ್ ಎಳೆದರು. ಇಪ್ಪತ್ತೊಂದೂ ಕಾಲು. ಮತ್ತೆ ಎಳೆದರು. ಇಪ್ಪತ್ತೊಂದೂ ಕಾಲು. ಮುಖ ಕೆಂಪಗಾಯಿತು. ಆ ಅಂಗಡಿಯವನು ಹತ್ತತ್ರ ಮೂರು ಇಂಚು ಹೊಡೆದಿದ್ದಾನೆ, ಹಾಡಹಗಲೇ ಮೋಸ ಅಂದರು. ಸಂದು ಇದ್ದರೆ ಇರಲಿ ಬಿಡ್ರೀ, ನಾಳೆ ಒಂದೇ ದಿನ ಉಳಿದಿರೋದು, ನನಗೆ ಕಾಲರ್ ಮುಗೀಬೇಕು ಅಂತ ಬೇಡಿಕೊಂಡೆ. ಕಿವಿ ಮೇಲೇ ಹಾಕಿಕೊಳ್ಳಲಿಲ್ಲ. ಅಪ್ಪನ ಚಪ್ಪಲಿ ಮಗು ಮೆಟ್ಟಿಕೊಂಡ ಹಾಗಿದೆ, ನನ್ನ ಮೇಜಿನಲ್ಲಿ ಇದು ಕೂರಲ್ಲ ಅಂತ ಅದನ್ನ ಪೆಟ್ಟಿಗೆಗೆ ತುಂಬಿಬಿಟ್ಟರು.

ಭಾನುವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆಯೇ ನಾವಿಬ್ಬರೂ ಅದರ ಬಾಗಿಲಲ್ಲಿ. ಇವರು ಜಗಳಕ್ಕೆ, ನಾನು ಜಗಳ ಬಿಡಿಸೋಕೆ. ಒಳಗೆ ಹೋದವರೇ ಸಾಲಾಗಿಟ್ಟಿದ್ದ ಮಾನಿಟರುಗಳನ್ನೆಲ್ಲ ಅಳೆದರು. ಒಂದೊಂದಕ್ಕೂ ತಲೆ ಆಡಿಸಿದರು. ಬೇರೆ ಗಿರಾಕಿಗಳು ಸರಕಾರಿ ತಪಾಸಣೆ ಅಂದುಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದರು. ಅಂಗಡಿಯವರು ಇವರ ಕೈಯಿಂದ ಟೇಪ್ ತಗೊಂಡು, ಪರದೆಯ ಕೆಳಗಿನ ಎಡಮೂಲೆಗೆ ಒಂದು ತುದಿ ಹಿಡಿದು, ಮೇಲಿನ ಬಲಮೂಲೆಗೆ ಓರೆಯಾಗಿ ಎಳೆದರು. ಇಪ್ಪತ್ನಾಲ್ಕಕ್ಕೆ ಕೂದಲೆಳೆ ಕಮ್ಮಿ.

ನನಗೆ ತಕ್ಷಣ ಹೊಳೀತು. ಬಟ್ಟೆ ಕತ್ತರಿಸುವವರಿಗೆ ಓರೆ ಅಳತೆ ಹೊಸದಲ್ಲ. ಇವರಿಗೆ ಮಾತ್ರ ಅದು ಒಳಗೆ ಇಳೀಲೇ ಇಲ್ಲ. ಯಾವ ದೇಶದಲ್ಲಿ ಬಾಗಿಲನ್ನ ಮೂಲೆಯಿಂದ ಮೂಲೆಗೆ ಅಳೆದು ಮಾರುತ್ತಾರೆ ಅಂತ ಅಂಗಡಿಯವರನ್ನೇ ದಬಾಯಿಸಿದರು. ಅವರು ಪಾಪ ಸುಸ್ತಾಗಿ, ನಿಮಗೆ ಅಡ್ಡಡ್ಡ ಇಪ್ಪತ್ನಾಲ್ಕರ ಹತ್ತಿರ ಬೇಕಾದರೆ ಇಪ್ಪತ್ತೇಳು ಇಂಚಿನದು ತಗೊಳ್ಳಿ, ಕಿಂಡಿ ಅದೇ, ಕೇಬಲ್ ಅದೇ ಅಂದರು. ಇವರು ಅದರ ಹೊಳೆಯುವ ಪರದೆಯನ್ನ ಅಳೆದು, ಇಪ್ಪತ್ತಮೂರೂವರೆ, ಎರಡೂ ಕಡೆ ಕಾಲು ಕಾಲು ಇಂಚು ಬಿಡುತ್ತೆ, ಒಪ್ಪಿಗೆ ಅಂದರು. ಹಳೆಯದನ್ನ ಕೊಟ್ಟು ಅದನ್ನ ಹೊತ್ತು ತಂದೆವು. ನಮ್ಮ ಹಿಂದೆಯೇ ಅಂಗಡಿಯವರು ಬಾಗಿಲೆಳೆದುಕೊಂಡರು. ಭಾನುವಾರ ಅಲ್ಲಿ ಅರ್ಧ ದಿನವೇ.

ಮನೆಗೆ ಬಂದು ಗೂಡಿಗೆ ತಳ್ಳಿದರೆ ಮಾನಿಟರ್ ಬಾಗಿಲಲ್ಲೇ ನಿಂತಿತು. ಓರೆ ಮಾಡಿದರು, ಎತ್ತಿದರು, ಉಸಿರು ಬಿಗಿಹಿಡಿದು ಒತ್ತಿದರು. ಊಹೂಂ. ಆಮೇಲೆ ಟೇಪ್ ಹಿಡಿದು ಈ ಸಲ ಚೌಕಟ್ಟಿನ ಸಮೇತ ಅಳೆದರು. ಇಪ್ಪತ್ನಾಲ್ಕರ ಮೇಲೆ ಕಾಲಿಂಚಿನಲ್ಲಿ ಅರ್ಧ. ಆಗ ಗೊತ್ತಾಯಿತು ನೋಡಿ ಇವರ ಎಡವಟ್ಟು. ಕಿಟಕಿ ಮಾಡುವಾಗ ಗಾಜಿನ ಅಳತೆಯನ್ನಷ್ಟೇ ತಗೊಳ್ಳೋದು, ಚೌಕಟ್ಟು ಹೇಗಿದ್ದರೂ ತಾವೇ ಮಾಡುತ್ತಾರಲ್ಲ. ಈ ಮಾನಿಟರ್ ತನ್ನ ಚೌಕಟ್ಟನ್ನ ತಾನೇ ಹೊತ್ತುಕೊಂಡು ಬಂದಿತ್ತು.

ಇವರು ನೆಲದ ಮೇಲೆ ಕುಸಿದು ಕೂತರು. ಗೂಡಿನ ಮುಂದೆಯೇ ಇಟ್ಟುಕೊಂಡು ನೋಡಿದೆ, ಮೂಗು ಪರದೆಗೆ ತಾಗುತ್ತಿತ್ತು. ನಮ್ಮನೆಯಲ್ಲಿ ಬೇರೆ ಮೇಜು ಎಲ್ಲಿಂದ ಬರಬೇಕು? ಮಂಚದ ಮೇಲಿಟ್ಟುಕೋ ಅಂದರು ಅತ್ತೆ. ಮಂಚದ ಮೇಲಿಟ್ಟರೆ ನಾನು ನೆಲದ ಮೇಲೆ ಕೂರಬೇಕು, ಈ ಮಂಡಿ ಮಡಚಿದರೆ ಬಿಚ್ಚಲ್ಲ. ಗೂಡಿನ ಪಕ್ಕದ ಹಲಗೆಯನ್ನ ಒಂಚೂರು ಕೆತ್ತಿಬಿಡಿ ಅಂದೆ. ಕಚ್ಚು ಹಾಕಿ ಕೂಡಿಸಿದ ಮರ ಅದು, ಕೆತ್ತಿದರೆ ಕಚ್ಚೆಲ್ಲ ಬಿಟ್ಟುಕೊಳ್ಳುತ್ತೆ, ಪೂರ್ತಿ ಹಲಗೆಯನ್ನೇ ಕತ್ತರಿಸಿ ತೆಗೆಯಬೇಕು, ನನ್ನ ಕೈಯಲ್ಲಾಗಲ್ಲ ಅಂದರು.

ಮೈಯೆಲ್ಲ ಉರಿದುಹೋಯಿತು. ಹದಿನೇಳು ವರ್ಷ ಊರಿನವರ ಬಾಗಿಲಿಗೆ ಬದುಕು ಸವೆಸಿದಿರಿ, ನನಗೆ ಅಂತ ಒಂದೇ ಒಂದು ಮಾಡಿದಿರಿ, ಅದರಲ್ಲೂ ನನ್ನ ಕೆಲಸಕ್ಕಿಂತ ನಿಮ್ಮ ಕಚ್ಚೇ ದೊಡ್ಡದಾಯಿತಾ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಹೊಲಿಯೋರು ನಾವು ಪ್ರತಿ ಬಟ್ಟೆಗೂ ಒಳಗಡೆ ಸ್ವಲ್ಪ ಮಡಿಕೆ ಬಿಟ್ಟಿರುತ್ತೀವಿ, ನಾಳೆ ಮೈ ಬಂದರೆ ಬಿಚ್ಚಿಕೊಳ್ಳಲಿ ಅಂತ. ನಿಮ್ಮ ಜೀವಮಾನದಲ್ಲಿ ಯಾವುದಕ್ಕಾದರೂ ಸಡಿಲ ಬಿಟ್ಟಿದ್ದೀರಾ ಅಂದೆ.

ಅಷ್ಟು ಹೊತ್ತು ನಿಂತೇ ಕಿರುಚಿದ್ದಕ್ಕೆ ಮಂಡಿ ಧಗಧಗ ಅನ್ನುತ್ತಿತ್ತು. ಕುರ್ಚಿ ಎಳೆದುಕೊಂಡು ಆ ಮೇಜಿನ ಮುಂದೆ ಮೊದಲ ಸಲ ಸರಿಯಾಗಿ ಕೂತೆ. ಕಾಲು ಒಳಗೆ ಚಾಚಿದೆ. ಎಡಗಾಲಿಗೆ ಕೆಳಗೆ ಏನೋ ಸಿಕ್ಕಿತು. ಬಗ್ಗಿ ನೋಡಿದರೆ ಪಾದ ಇಡೋಕೆ ಒಂದು ಇಳಿಜಾರು ಹಲಗೆ, ಎಡಗಡೆ ಮಾತ್ರ. ಅದರ ನೇರಕ್ಕೆ ಮೇಜಿನ ಅಡಿಯ ಮರವನ್ನ ಮಂಡಿ ಬರುವ ಜಾಗದಲ್ಲಿ ಬಾಗಿಸಿ ಕೊರೆದಿತ್ತು, ಕೈಯಾಡಿಸಿದರೆ ನುಣ್ಣಗೆ. ಬಲಗಡೆ ಮರ ಇದ್ದ ಹಾಗೇ ಇತ್ತು.

"ಇದೇನ್ರೀ ಇಲ್ಲಿ?" ಅಂತ ಕೇಳಿದೆ.

ಇವರು ನೆಲ ನೋಡುತ್ತಲೇ ಹೇಳಿದರು. "ಹೋದ ವಾರ ನೀನು ಸೊಪ್ಪು ಬಿಡಿಸ್ತಾ ಕೂತಿದ್ದಾಗ ಕಣ್ಣಳತೆ ತಗೊಂಡೆ. ಸಂಜೆ ಊದಿಕೊಳ್ಳುತ್ತಲ್ಲ, ಅದಕ್ಕೇ ಅಲ್ಲಿ ಎರಡಿಂಚು ಸಡಿಲ ಬಿಟ್ಟಿದ್ದೀನಿ."

ಕಾಲಿಂಚು ಅನ್ನಿಸಿಕೊಂಡವರು ಎರಡಿಂಚು ಸಡಿಲ ಬಿಟ್ಟಿದ್ದರು. ಅದೂ ಕಣ್ಣಳತೆಯಲ್ಲಿ. ನನಗೆ ಅಳು ತಡೆಯೋಕಾಗಲಿಲ್ಲ. ಆಡಿದ ಮಾತೆಲ್ಲ ನನಗೇ ಚುಚ್ಚಿತು. ಅತ್ತೆ ಮಂಚದಿಂದಲೇ, ಲೋ, ಅವಳು ಅಳೋದು ನಿಲ್ಲಿಸಿ ಮತ್ತೆ ಬೈಯೋಕೆ ಶುರು ಮಾಡೋ ಮುಂಚೆ ಗರಗಸ ತಾರೋ ಅಂದರು.

ಇವರು ಎದ್ದರು. ಗರಗಸ ತಂದು ಹಲಗೆಯ ಮೇಲಿಟ್ಟು ಒಂದೇ ಸಮನೆ ಎಳೆದರು. ಗೂಡಿನ ಬಲಗಡೆಯ ಗೋಡೆ ಪೂರ್ತಿ ಹೋಯಿತು. ಕತ್ತರಿಸಿದ ಅಂಚನ್ನ ಉಜ್ಜಲೂ ಇಲ್ಲ, ಹೊತ್ತಾಗುತ್ತೆ ಅಂತ. ಮಾನಿಟರ್ ಒಳಗೆ ಹೋಗಿ, ಒಂದು ಪಕ್ಕ ಹೊರಗೆ ಇಣುಕುತ್ತಾ ಕೂತಿತು. ಕೇಬಲ್ ಸಿಕ್ಕಿಸಿದೆವು. ಕಾಲರಿನ ಎರಡೂ ತುದಿ ಕಾಣಿಸಿತು. ಇವರು ಟೇಪ್ ಹಿಡಿದು ಪಕ್ಕ ನಿಂತು, ದೊಡ್ಡದು ಮಾಡು, ಚಿಕ್ಕದು ಮಾಡು ಅಂತ ಜೀವ ತಿಂದು, ಪರದೆಯ ಮೇಲೆ ಹದಿನಾಲ್ಕು ಇಂಚು ನಿಜವಾಗಲೂ ಹದಿನಾಲ್ಕು ಆದ ಮೇಲೇ ಜಾಗ ಬಿಟ್ಟರು. ಆ ಅಳತೆಯಲ್ಲಿ ನೋಡಿದಾಗಲೇ ನಾಲ್ಕನೇ ಸೈಜಿನ ಕಾಲರ್ ಅಂಗಿಯ ಕುತ್ತಿಗೆ ಸುತ್ತಳತೆಗಿಂತ ಗಿಡ್ಡ ಆಗಿದ್ದದ್ದು ನನ್ನ ಕಣ್ಣಿಗೆ ಬಿತ್ತು. ತಿದ್ದಿದೆ.

ಸೋಮವಾರ ಒಂಬತ್ತೂವರೆಗೆ ಕಳಿಸಿದೆ. ಹನ್ನೊಂದಕ್ಕೆ ಮೇಡಂ ಫೋನ್ ಮಾಡಿ, ಮುಂದಿನ ಅಂಗಿ ಕಳಿಸ್ತೀನಿ, ನೀನು ಇನ್ನು ಬರೋದು ಬೇಡ ಅಂದರು. ಬರೋದು ಬೇಡ ಅನ್ನೋ ಮಾತು ಅಷ್ಟು ಸಿಹಿಯಾಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಅತ್ತೆಗೆ ಟಿವಿ ವಾಪಸ್ ಸಿಕ್ಕಿತು, ಆದರೂ ಆಗಾಗ ಬಂದು ಇವತ್ತು ತೋಳು ಎಲ್ಲಿಗೆ ಬಂತು ಅಂತ ಇಣುಕುತ್ತಾರೆ.

ಇವರು ಮಾತ್ರ ವಾರಕ್ಕೊಮ್ಮೆ ಆ ಮುರುಕು ಪಕ್ಕವನ್ನ ನೋಡಿ ನಿಟ್ಟುಸಿರು ಬಿಡುತ್ತಾರೆ. ಹೊಸ ಹಲಗೆ ಹಾಕಿಕೊಡ್ತೀನಿ ಅನ್ನುತ್ತಾರೆ. ಮಾಡೋಣ ಬಿಡಿ ಅಂತ ಈಗ ನಾನು ಅಂತೀನಿ, ಅಂದು ಎಡಗಾಲು ಚಾಚಿ ಕೂರುತ್ತೀನಿ.